ಬಾನೆಟ್ಟಿನ ಮೇಲಿಟ್ಟ ಕೈ

ಹೋದ ವಾರ ಬೀದರ ಊರ ಹೊರಗಿನ ಹಳೇ ಗಾಡಿಗಳ ಅಂಗಡಿಗೆ ಒಂದು ಡೀಸೆಲ್ ಪಿಕಪ್ ನೋಡಲು ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಮಲ್ಲಿಗೆ ಅತ್ತರು ಮುಖಕ್ಕೆ ರಾಚಿತು. ಅದರ ಕೆಳಗೆ ಹೊಸ ಬಣ್ಣದ ವಾಸನೆ, ಅದರ ಕೆಳಗೆ ಹಳೇ ಡೀಸೆಲ್ಲು, ಎಲ್ಲದರ ತಳದಲ್ಲಿ ಫಿನಾಯಿಲ್. ಫಿನಾಯಿಲ್ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಹೋಗಿ ಬಾನೆಟ್ಟಿನ ಮೇಲೆ ಕೂತಿತು. ಚಳಿಗಾಲದ ಬೆಳಗು. ನಿನ್ನೆಯಿಂದ ಗಾಡಿ ಅಲ್ಲಾಡಿಲ್ಲ ಎಂದು ವ್ಯಾಪಾರಿ ಆಣೆ ಮಾಡುತ್ತಿದ್ದ. ಬಾನೆಟ್ಟು ಮಾತ್ರ ಆಗತಾನೇ ರೊಟ್ಟಿ ಬೇಯಿಸಿದ ಹಂಚಿನ ಹಾಗೆ ಸುಡುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯ ಬೆನ್ನಿಗೇ ನರ್ಸಬಾಯಿ ನೆನಪಾದರು…

ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಇಲ್ಲ. ಎಲ್ಲರಿಗೂ ನರ್ಸಬಾಯಿ. ನಮ್ಮದು ಬೌದ್ಧರ ಮನೆ, ಅವರದು ಮೆಥೋಡಿಸ್ಟ್ ಕ್ರಿಶ್ಚಿಯನ್ನರ ಮನೆ, ಎರಡಕ್ಕೂ ನಡುವೆ ಒಂದೇ ಗೋಡೆ. ಅವರಿಗೆ ಮದುವೆಯಾಗಿರಲಿಲ್ಲ. ಇಡೀ ಆಯುಷ್ಯ ಬೀದರದ ದವಾಖಾನೆಯಲ್ಲಿ ಕಳೆದು ನಿವೃತ್ತರಾಗಿದ್ದರು. ಆದರೂ ಎದುರಿಗೆ ಸಿಕ್ಕವರ ಹಣೆ ಮುಟ್ಟಿ ನೋಡುವ ಚಟ ಹೋಗಿರಲಿಲ್ಲ. ಬೀದಿಯಲ್ಲಿ ನಿಂತು ಸಂತೆಯ ಸುದ್ದಿ ಮಾತಾಡುತ್ತಿದ್ದರೂ ಕೈ ಸುಮ್ಮನೆ ಎದುರಿನವರ ಹಣೆಗೆ ಹೋಗುತ್ತಿತ್ತು. ಜ್ವರ ಇಲ್ಲ ಎಂದು ಗೊತ್ತಾದರೆ ಅವರಿಗೆ ಸ್ವಲ್ಪ ನಿರಾಸೆಯಾಗುತ್ತಿತ್ತೋ ಏನೋ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ಅಂಥವರಿಗೆ ಪಿಕಪ್ ಗಾಡಿ ಯಾಕೆ ಬೇಕಾಯಿತು ಎಂದರೆ ಸಾಯಗಾಂವದ ಒಬ್ಬ ಮುದುಕನಿಂದ. ಅವನ ಹೆಂಡತಿ ದವಾಖಾನೆಯಲ್ಲಿ ತೀರಿಕೊಂಡಳು. ಆಗ ನರ್ಸಬಾಯಿ ಇನ್ನೂ ಕೆಲಸದಲ್ಲಿದ್ದರು; ಹೆಣ ತೊಳೆದು, ಗದ್ದ ಕಟ್ಟಿ ಕೊಟ್ಟವರು ಅವರೇ. ಗೇಟಿನ ಹೊರಗೆ ಬಾಡಿಗೆ ಗಾಡಿಗಳು ಸಾಲಾಗಿ ನಿಂತಿದ್ದವು. ಒಬ್ಬ, ನಾಳೆ ಮದುವೆ ಬಾಡಿಗೆ ಇದೆ ಎಂದ. ಇನ್ನೊಬ್ಬ, ಗಾಡಿಗೆ ಮೈಲಿಗೆಯಾದರೆ ತರಕಾರಿಯವರು ಕರೆಯುವುದಿಲ್ಲ ಎಂದ. ಮತ್ತೊಬ್ಬ ಕಿವಿ ಕೇಳಿಸದವನಂತೆ ಕೂತ. ಕೊನೆಗೆ ಮುದುಕ ಒಂದು ಆಟೋ ಹಿಡಿದು, ಹೆಂಡತಿಗೆ ಸೆರಗು ಹೊದಿಸಿ, ಜ್ವರ ಬಂದವಳ ಹಾಗೆ ಮಗ್ಗುಲಿಗೆ ಕೂರಿಸಿಕೊಂಡು, ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದು ಊರಿಗೆ ಒಯ್ದ. ಭಾಲ್ಕಿ ದಾಟುವವರೆಗೂ ಆಟೋದವನಿಗೆ ಗೊತ್ತಾಗಬಾರದೆಂದು ಅವಳ ಜೊತೆ ಮಾತಾಡುತ್ತಲೇ ಇದ್ದನಂತೆ. ಹೆಂಡತಿಗಾಗಿ ಅಳುವುದಕ್ಕೂ ಅವನಿಗೆ ಪುರುಸೊತ್ತು ಕೊಡಲಿಲ್ಲ ಆ ಗಾಡಿಗಳವರು. ಇದನ್ನು ಹೇಳುವಾಗ ನರ್ಸಬಾಯಿಗೆ ಸಿಟ್ಟು ತಡೆಯುತ್ತಿರಲಿಲ್ಲ.

"ತಮ್ಮಾ, ನಾ ಒಂದು ಗಾಡಿ ತಗೋತೇನಿ. ಸತ್ತವ್ರು ಮಲಕೊಂಡು ಮನಿಗಿ ಹೋಗ್ಬೇಕು. ನೀ ಬರ್ತೀ ಏನು ನೋಡ್ಲಿಕ್ಕ?" ಎಂದರು ನಿವೃತ್ತರಾದ ಮೇಲೆ ಒಂದು ದಿನ. ನಾನು ಆಗ ಬಾಡಿಗೆ ಕಾರು ಓಡಿಸುತ್ತಿದ್ದೆ. ಹೂಂ ಎಂದೆ.

ಮೊದಲು ಹೋದದ್ದು ಭಾಲ್ಕಿಯ ಒಬ್ಬ ಗಾಡಿ ವ್ಯಾಪಾರಿಯ ಹತ್ತಿರ. ಪಿಕಪ್ಪು ಮದುಮಗನ ಹಾಗೆ ನಿಂತಿತ್ತು. ಮೇಲೆ ಥಳುಕು ಇದ್ದಲ್ಲಿ ಒಳಗೆ ಹುಳುಕು ಹುಡುಕಬೇಕು ಎಂದು ನಾನು ನೆಲಕ್ಕೆ ಮಲಗಿ ಕೆಳಗೆ ತೂರಿದೆ. ಚಾಸಿಗೆ ಬೆಸುಗೆ ಹಾಕಿ ಕಪ್ಪು ಬಳಿದಿದ್ದರು. ಟೈರುಗಳು ಒಳಮಗ್ಗುಲಲ್ಲಿ ಮಾತ್ರ ಸವೆದಿದ್ದವು, ಅಂದರೆ ಮುಂದಿನ ಆಕ್ಸಲ್ ಎಲ್ಲೋ ಪೆಟ್ಟು ತಿಂದಿದೆ. ನಾನು ಮೈ ಕೊಡವಿ ಮೇಲೇಳುವಾಗ ನರ್ಸಬಾಯಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದರು.

"ನಾವು ಬರ್ತೇವಿ ಅಂದ ಹೊತ್ತಿಗೇ ಇದಕ್ಕ ಜ್ವರ ಯಾಕ ಬಂತ್ರಿ?"

ವ್ಯಾಪಾರಿ ನಕ್ಕ. "ಬಿಸಲಾಗ ನಿಂತದ ಅಲ್ರಿ ಬಾಯಿ."

ಗಾಡಿ ನಿಂತಿದ್ದದ್ದು ತಗಡಿನ ನೆರಳಲ್ಲಿ! ಡೀಸೆಲ್ ಇಂಜನ್ನಿನ ರೋಗ ತಿಳಿಯುವುದು ಅದು ತಣ್ಣಗಿದ್ದು ಎದ್ದೇಳುವಾಗ. ಗಿರಾಕಿ ಬರುವ ಮುಂಚೆ ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟರೆ ಎಂಥ ಮುದಿ ಇಂಜನ್ನೂ ಹರೆಯದವನ ಹಾಗೆ ಎದ್ದು ಕೂರುತ್ತದೆ. ನನ್ನ ಕೈ ಆಗಲೇ ಅವನ ಕಾಲರಿನ ಕಡೆ ಹೊರಟಿತ್ತು. ನರ್ಸಬಾಯಿ ನನ್ನ ತೋಳು ಹಿಡಿದು, ಅವನಿಗೆ ಹೇಳಿದರು: "ಎರಡು ಕುರ್ಚಿ ಹಾಕ್ರಿ. ಜ್ವರ ಇಳೀಲಿ. ಕೂತಿರ್ತೇವಿ."

ಕೂತೆವು. ವ್ಯಾಪಾರಿ ಚಹಾ ಕೊಟ್ಟ, ಬೇರೆ ಗಾಡಿ ತೋರಿಸುತ್ತೇನೆಂದ, ಬಸ್ಸು ತಪ್ಪುತ್ತದೆ ಎಂದು ಹೆದರಿಸಿದ, ನಾವು ಕಾರಿನಲ್ಲಿ ಬಂದದ್ದನ್ನೇ ಮರೆತು. ನರ್ಸಬಾಯಿ ಡಬ್ಬಿ ಬಿಚ್ಚಿ ನನಗೆ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು, ಅವನಿಗೂ ಒಂದು ರೊಟ್ಟಿ ಕೊಟ್ಟರು. ಮಧ್ಯೆ ಮಧ್ಯೆ ಎದ್ದು ಹೋಗಿ ಬಾನೆಟ್ಟು ಮುಟ್ಟಿ ಬರುತ್ತಿದ್ದರು. ಇಳಿಹೊತ್ತಿಗೆ ಅದು ಪೂರ್ತಿ ತಣ್ಣಗಾಯಿತು. ಸೆಲ್ಫ್ ಹೊಡೆದರೆ ಗಾಡಿ ಕೆಮ್ಮಿತು, ಮತ್ತೆ ಕೆಮ್ಮಿತು, ಕೊನೆಗೆ ಅಂಗಳ ತುಂಬ ಬಿಳಿ ಹೊಗೆ ಕಾರಿ ಎದ್ದಿತು. ಇಂಜನ್ ನಡೆಯುತ್ತಿದ್ದಾಗಲೇ ನಾನು ಆಯಿಲ್ ಮುಚ್ಚಳ ತೆಗೆದೆ. ಅಲ್ಲಿಂದಲೂ ಗಪಗಪ ಹೊಗೆ. ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ ಮೇಸ್ತ್ರಿಗಳು, ಅಂದರೆ ಒಳಗಿನ ರಿಂಗು ಸವೆದಿದೆ. ನರ್ಸಬಾಯಿ ಒಂದೇ ಮಾತಲ್ಲಿ, "ದಮ್ಮು ಅದ" ಎಂದರು. ವ್ಯಾಪಾರಿಗೆ ನಮಸ್ಕಾರ ಹೇಳಿ ಬಂದೆವು.

ಎರಡನೇ ಗಾಡಿ ಔರಾದ ತಾಲೂಕಿನ ಡಾಬಕಾದಲ್ಲಿತ್ತು. ಅದರ ಧಣಿ ಒಬ್ಬ ರೈತ. ಇಂಥ ಮಾರುವವನನ್ನು ನಾನು ಅದಕ್ಕೂ ಮುಂಚೆ ನೋಡಿಲ್ಲ, ಆಮೇಲೂ ನೋಡಿಲ್ಲ. ನಾವು ಕೇಳುವ ಮೊದಲೇ ಕ್ಲಚ್ಚು ಸವೆದಿದೆ, ಹಿಂದಿನ ಕಮಾನು ಪಟ್ಟಿ ಒಂದು ಬದಲಿಸಬೇಕು, ಬಲಗಡೆ ಬಾಗಿಲು ಎತ್ತಿ ಹಾಕಬೇಕು ಎಂದು ತಾನೇ ಹೇಳಿದ. ನರ್ಸಬಾಯಿ ಬಾನೆಟ್ಟಿನ ಮೇಲೆ ಕೈಯಿಟ್ಟರೆ ಅದು ಹೊಸ ಮಡಕೆಯ ನೀರಿನ ಹಾಗೆ ತಣ್ಣಗಿತ್ತು. ಕೀಲಿ ತಿರುವಿದ್ದೇ ಎದ್ದಿತು. ಹೊಗೆ ಇಲ್ಲ, ಕೆಮ್ಮಿಲ್ಲ. ಓಡಿಸಿ ನೋಡಿ ಬಂದು, ಇದೇ ಇರಲಿ ಎಂದು ನಾನು ಕಣ್ಣಲ್ಲೇ ಹೇಳಿದೆ. ರೈತನ ಹೆಂಡತಿ ಚಹಾ ತಂದಳು, ಅರಿಷಿಣ ಕುಂಕುಮದ ಬಟ್ಟಲೂ ತಂದಳು, ಗಾಡಿ ಬಿಟ್ಟುಕೊಡುವ ಮುಂಚೆ ಹಚ್ಚಲು.

ಆಗ ರೈತ ಒಂದು ಪ್ರಶ್ನೆ ಕೇಳಿದ. ನಮ್ಮ ಕಡೆ ಎತ್ತು ಮಾರುವಾಗ ಕೇಳುವ ಪ್ರಶ್ನೆ ಅದು. ಎತ್ತು ಯಾರ ಮನೆಗೆ ಹೋಗುತ್ತದೆ, ಯಾವ ಕೆಲಸಕ್ಕೆ ಹೋಗುತ್ತದೆ ಎಂದು ತಿಳಿಯದೆ ಹಗ್ಗ ಬಿಚ್ಚುವುದಿಲ್ಲ. "ಅಕ್ಕಾರ, ಏನ್ ಹೊರ್ಲಿಕ್ಕ ಒಯ್ತೀರಿ?"

ನಾನು ನರ್ಸಬಾಯಿಯ ಕಡೆ ನೋಡಿದೆ. ತರಕಾರಿ ಎಂದರೆ ಮುಗಿಯಿತು. ಹಾಲಿನ ಕ್ಯಾನು ಎಂದರೂ ಮುಗಿಯಿತು. ಅವರು ಚಹಾದ ಬಸಿ ಕೆಳಗಿಟ್ಟು, "ದವಾಖಾನ್ಯಾಗ ತೀರಿಕೊಂಡವ್ರನ್ನ ಅವ್ರ ಮನಿಗಿ ಒಯ್ಲಿಕ್ಕ್ರಿ" ಎಂದರು.

ಹೆಂಡತಿ ಕುಂಕುಮದ ಬಟ್ಟಲು ಒಳಗೆ ಒಯ್ದಳು. ರೈತ ನನ್ನ ಕೈಯಿಂದ ಕೀಲಿಯನ್ನು ಮೆಲ್ಲಗೆ ಇಸಿದುಕೊಂಡ. "ಆಗಾಂಗಿಲ್ರಿ ಅಕ್ಕಾರ. ನನ್ನ ಮಗಳ ದಿಬ್ಬಣ ಇದ್ರಾಗೇ ಹೋಗ್ಯಾದ. ಹೆಣ ಹೊರ್ಲಿಕ್ಕ ಕೊಡಾಂಗಿಲ್ಲ."

"ನಿಮ್ಮ ಮನ್ಯಾಗ ಯಾರೂ ಸಾಯಾಂಗಿಲ್ಲೇನು?" ಎಂದು ನಾನು ಒದರಿದೆ. ನರ್ಸಬಾಯಿ ನನ್ನ ಬಾಯಿ ಮುಚ್ಚಿಸಿ ಕಾರಿಗೆ ಕರೆತಂದರು. ದಾರಿಯುದ್ದಕ್ಕೂ ನಾನು ಬಯ್ಯುತ್ತಲೇ ಇದ್ದೆ. ಕಳ್ಳನ ಹತ್ತಿರ ಗಾಡಿ ಕೆಟ್ಟದ್ದು, ಗಾಡಿ ಚಲೋ ಇದ್ದವನ ಹತ್ತಿರ ಮನಸ್ಸು ಇಲ್ಲ. ಸಂತಪುರ ದಾಟಿದ ಮೇಲೆ ಅವರು ಮಾತಾಡಿದರು. "ಕಟುಕಗ ಎತ್ತು ಕೊಡಾಂಗಿಲ್ಲ ಅಂತಾರಲ್ಲ ತಮ್ಮಾ, ಹಂಗೇ ಹೇಳಿದ್ರು. ಅವ್ರಿಗಿ ಗಾಡಿ ಮ್ಯಾಲ ಭಾಳ ಪ್ರೀತಿ. ಆದ್ರ… ನಾ ಕಟುಕ ಅಲ್ಲ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ನನಗೆ ಆ ರೈತನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವನು ಒಳ್ಳೆಯವನು ಎನ್ನುವುದೇ ಆ ಸಿಟ್ಟಿಗೆ ಕಾರಣ.

ಮರುವಾರ ನರ್ಸಬಾಯಿ ಭಾಲ್ಕಿಗೇ ನಡಿ ಎಂದರು. ಹುಚ್ಚು ಹಿಡಿಯಿತೇ ಎಂದೆ. "ರೋಗ ಯಾವ್ದು ಅಂತ ಗೊತ್ತಾತಲ್ಲ, ಇನ್ನ ಔಷಧಿ ಕೊಡ್ಲಿಕ್ಕ ಏನ್ ತ್ರಾಸು?" ಎಂದರು. ಆ ವ್ಯಾಪಾರಿ ಏನು ಹೊರಲಿಕ್ಕೆ ಎಂದು ಕೇಳಲೇ ಇಲ್ಲ. ಇವರೇ ಹೇಳಿದರು. ಅವನು ಹೆಗಲು ಕುಣಿಸಿ, "ಗಾಡಿ ನಿಮ್ದು, ಏನರೆ ಹೊರ್ರಿ" ಎಂದ. ಹೀಗೆ ಎಲ್ಲ ರೋಗಗಳನ್ನೂ ನೋಡಿ, ತಿಳಿದು, ಕಣ್ಣು ತೆರೆದುಕೊಂಡೇ ಆ ಕೆಮ್ಮುವ ಗಾಡಿ ಕೊಂಡೆವು. ಇಂಜನ್ ಬಿಚ್ಚಿ ರಿಂಗು ಬದಲಿಸಿದೆವು, ಆಕ್ಸಲ್ ನೇರ ಮಾಡಿಸಿದೆವು. ಹಿಂದೆ ಒಂದು ಹಲಗೆ ಕೂರಿಸಿ, ಬಿಳಿ ಚಾದರ ಹಾಸಿದೆವು. ಪ್ರತಿ ಸಲ ಬಂದ ಮೇಲೆ ನರ್ಸಬಾಯಿ ತಾವೇ ಫಿನಾಯಿಲ್ ಹಾಕಿ ತೊಳೆಯುತ್ತಿದ್ದರು. ನಾನು ಓಡಿಸುತ್ತಿದ್ದೆ. ಕಮಠಾಣ, ಸಾಯಗಾಂವ, ಔರಾದದ ಆಚೆಯ ಹಳ್ಳಿಗಳು… ಡಾಬಕಾಕ್ಕೂ ಒಂದು ಸಲ ಹೋದೆವು. ಆ ರೈತನ ಮನೆಯ ಮುಂದೆಯೇ ಹಾದೆವು. ನರ್ಸಬಾಯಿ ಆ ಕಡೆ ನೋಡಲಿಲ್ಲ.

ಇನ್ನು ನಮ್ಮ ಓಣಿಯ ಕಥೆ. ಗಾಡಿ ಬಂದ ವಾರದಲ್ಲೇ ಹಿರಿಯರು ಕೂಡಿ, ಮಕ್ಕಳು ಹೆದರುತ್ತಾರೆ, ಹೊರಗೆ ನಿಲ್ಲಿಸಿರಿ ಎಂದರು. ನರ್ಸಬಾಯಿ ಓಣಿಯ ಆಚೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ನಮ್ಮ ಅಜ್ಜಂದಿರಿಗೆ ಊರು ದೂರ ನಿಲ್ಲಿ ಎಂದಿತ್ತು. ಅದನ್ನು ನೆನೆಸಿಕೊಂಡು ಈಗಲೂ ಕಣ್ಣು ಕೆಂಪಗೆ ಮಾಡಿಕೊಳ್ಳುವ ಓಣಿ ನಮ್ಮದು. ಅದೇ ಓಣಿ ಒಂದು ಗಾಡಿಗೆ ದೂರ ನಿಲ್ಲು ಎಂದಿತು! ಮನೆಯಲ್ಲಿ ಸಾವಾದಾಗ ಮಾತ್ರ ನಡುರಾತ್ರಿಯಲ್ಲೂ ಬಂದು ಬಾಗಿಲು ಬಡಿಯುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಮುಖ ಯಾರಿಗೆ ಬೇಕು?

ನರ್ಸಬಾಯಿ ಒಂದು ಬೇಸಿಗೆಯಲ್ಲಿ ಅದೇ ದವಾಖಾನೆಯಲ್ಲಿ ತೀರಿಕೊಂಡರು. ನಾನು ಪಿಕಪ್ಪು ತೊಳೆದು, ಹೊಸ ಚಾದರ ಹಾಸಿ, ಗೇಟಿಗೆ ತಂದು ನಿಲ್ಲಿಸಿದ್ದೆ. ಗಾಡಿ ಅಂದು ಕೆಮ್ಮದೆ ಎದ್ದಿತ್ತು. ಅಷ್ಟರಲ್ಲಿ ಹೈದರಾಬಾದಿನಿಂದ ಬಂದ ಅವರ ಸಂಬಂಧಿಕರು, ನಮ್ಮ ಓಣಿಯ ಹಿರಿಯರು ಕೂಡಿ ಗಾಜಿನ ಪೆಟ್ಟಿಗೆಯ, ಹೂವು ಹಾಕಿದ ದೊಡ್ಡ ವ್ಯಾನು ತರಿಸಿದ್ದರು. ನಾನು ಕೀಲಿ ಹಿಡಿದು ಮುಂದೆ ಹೋದೆ.

"ಆ ಗಾಡ್ಯಾಗ ಬ್ಯಾಡ್ರೀಪ್ಪಾ. ಎಷ್ಟ್ ಮಂದಿ ಹೆಣ ಹೊತ್ತದ ಅದು. ನರ್ಸಬಾಯಿಗಿ ಶೋಭಿಸಾಂಗಿಲ್ಲ" ಎಂದರು ಹಿರಿಯರೊಬ್ಬರು. ಅವರ ತಾಯಿಯನ್ನು ಅದೇ ಹಲಗೆಯ ಮೇಲೆ ನಾನೇ ತಂದಿದ್ದೆ. ಅದನ್ನು ಮುಖಕ್ಕೆ ಹೇಳಿದೆ, ಕೂಗಿಯೇ ಹೇಳಿದೆ. ಸಾವಿನ ಮುಂದೆ ಜಗಳ ಬೇಡ ಎಂದು ನಾಲ್ಕು ಜನ ನನ್ನನ್ನು ಹಿಂದಕ್ಕೆ ಎಳೆದರು. ಗಾಜಿನ ವ್ಯಾನು ಚರ್ಚಿಗೆ ಹೋಯಿತು, ಚರ್ಚಿನಿಂದ ಸಮಾಧಿ ನೆಲಕ್ಕೆ ಹೋಯಿತು. ಅದರ ಹಿಂದೆ ಖಾಲಿ ಪಿಕಪ್ಪನ್ನು ನಾನೊಬ್ಬನೇ ಓಡಿಸಿಕೊಂಡು ಹೋದೆ. ಊರಿಗೆಲ್ಲ ಮಲಗಿಕೊಂಡು ಮನೆಗೆ ಹೋಗುವ ದಾರಿ ಮಾಡಿಕೊಟ್ಟವರಿಗೆ ಅವರ ಹಲಗೆಯೇ ಸಿಗಲಿಲ್ಲ. ತಿಂಗಳು ಕಳೆಯುವುದರೊಳಗೆ ಸಂಬಂಧಿಕರು ಗಾಡಿಯನ್ನು ಗುಜರಿಗೆ ಹಾಕಿದರು. ಬೇವಿನ ಗಿಡದ ಕೆಳಗಿನ ಎಣ್ಣೆ ಕಲೆ ಎರಡು ಮಳೆಗಾಲ ಇತ್ತು, ಆಮೇಲೆ ಅದೂ ಹೋಯಿತು.

ಈಗ ದವಾಖಾನೆಯ ಗೇಟಿನ ಹೊರಗೆ ಮತ್ತೆ ಅವೇ ಮಾತುಗಳು ಕೇಳಿಸುತ್ತಿವೆ, ಮದುವೆ ಬಾಡಿಗೆ, ಮೈಲಿಗೆ… ಅದಕ್ಕೇ ನಾನು ಆ ಅಂಗಡಿಗೆ ಹೋದದ್ದು. ವ್ಯಾಪಾರಿ ಬಾನೆಟ್ಟಿನ ಮೇಲೆ ತನ್ನ ಕೈಯನ್ನೂ ಇಟ್ಟು, ಎಲ್ಲಿ ಬಿಸಿ ಇದೆ ಎನ್ನುವವನ ಹಾಗೆ ನಗುತ್ತ ಕೇಳಿದ: "ಏನ್ ಹೊರ್ಲಿಕ್ಕ ಬೇಕ್ರಿ ಸಾಹೇಬ್ರ?"

"ಸತ್ತವ್ರನ್ನ ಮನಿಗಿ ಒಯ್ಲಿಕ್ಕ" ಎಂದೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ, ತನ್ನದೇ ಗಾಡಿಯಿಂದ. ನಾನು ನನ್ನ ಕೈಯನ್ನು ಇದ್ದಲ್ಲೇ ಇಟ್ಟಿದ್ದೆ. "ಜ್ವರ ಇಳೀಲಿ, ಕೂತಿರ್ತೇನಿ. ಎರಡು ಕುರ್ಚಿ ಹಾಕ್ರಿ" ಎಂದೆ. ಅವನು ನನ್ನ ಹಿಂದೆ ಮುಂದೆ ನೋಡಿ, ಜೊತೆಗೆ ಯಾರೂ ಕಾಣದೆ, ಒಳಗಿನಿಂದ ಒಂದೇ ಕುರ್ಚಿ ತಂದು ಹಾಕಿದ.