ಸೂಜಿ ಇಲ್ಲದ ಚೀಲ

ಟೀಚರಾಗಿ ಶಾಲೆಗೆ ಸೇರಿದ ಎರಡನೇ ವರ್ಷವೇ ನನ್ನನ್ನು ಪೋಲಿಯೋ ಹನಿಯ ಕೆಲಸಕ್ಕೆ ಹಾಕಿದರು. ನನ್ನ ಊರು ಮೂಡಬಿದಿರೆ, ಕೆಲಸ ಕಕ್ಕಿಂಜೆಯಲ್ಲಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಭಾನುವಾರ ಶಾಲೆಯ ಜಗಲಿಯಲ್ಲಿ ಬೂತ್. ಬಂದ ಮಕ್ಕಳ ಬಾಯಿಗೆ ಎರಡು ಹನಿ, ಎಡಗೈಯ ಕಿರುಬೆರಳಿಗೆ ಶಾಯಿಯ ಗುರುತು. ಮರುದಿನದಿಂದ, ಬಾರದೆ ಉಳಿದವರ ಮನೆಗಳಿಗೆ ನಾವೇ ಹೋಗಬೇಕು. ಹನಿ ಹಾಕುವವರು ಆರೋಗ್ಯ ಉಪಕೇಂದ್ರದ ಸಿಸ್ಟರ್. ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ನನ್ನ ಪಾಲಿಗೆ. ಒಂದು ಮಗು ಬಾಕಿಯಾದರೂ ಗುಣಿಸುವ ಚಿಹ್ನೆ ಬರೆಯಬೇಕು.

ಸಿಸ್ಟರ್ ನರಿಕೊಂಬಿನ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ಗುಡ್ಡ ಹತ್ತುವಾಗ ಏದುಸಿರು ಬಿಡುತ್ತಿದ್ದವಳು ನಾನು. ಅವರ ಒಂದು ಹೆಗಲಲ್ಲಿ ಐಸಿನ ಪೆಟ್ಟಿಗೆ, ಇನ್ನೊಂದರಲ್ಲಿ ಬಟ್ಟೆಯ ಚೀಲ. ಪ್ರತಿ ಮನೆಯಲ್ಲೂ ಹನಿ ಹಾಕುವ ಮೊದಲು ಶೀಶೆಯ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುವರು. ಅದರ ಮೇಲೊಂದು ಪುಟ್ಟ ಚೌಕ. ಬಿಸಿ ತಾಗಿದರೆ ಅದು ಕಪ್ಪಾಗುತ್ತದೆ, ಆಮೇಲೆ ಆ ಮದ್ದನ್ನು ಹಾಕುವಂತಿಲ್ಲ ಎಂದು ನನಗೂ ಕಲಿಸಿಕೊಟ್ಟಿದ್ದರು.

ಎರಡನೇ ದಿನ ಮಧ್ಯಾಹ್ನ ಗೇರುಮರಗಳ ನಡುವಿನ ಒಂದು ಹಂಚಿನ ಮನೆ ತಲುಪಿದೆವು. ಮಕ್ಕಳ ತಾಯಿ ಸುತ್ತಿದ ಬೀಡಿ ಕೊಟ್ಟು ಬರಲು ಬೀಡಿ ಬ್ರಾಂಚಿಗೆ ಹೋಗಿದ್ದಳು. ಅಜ್ಜಿಯೊಬ್ಬರು ಎಂಟು ತಿಂಗಳ ಹೆಣ್ಣುಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತರು. ನಾಲ್ಕು ವರ್ಷದ ಮೊಮ್ಮಗ ನಮ್ಮನ್ನು ಕಂಡದ್ದೇ ಒಳಗೆ ಓಡಿ ಅಕ್ಕಿಯ ಡಬ್ಬದ ಹಿಂದೆ ಅಡಗಿದ. ಮಾತೆಲ್ಲ ತುಳುವಿನಲ್ಲೇ ನಡೆಯಿತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಮ್ಮ ಮಕ್ಕಳಿಗೆ ಎಂತದೂ ಬೇಡ. ನೀವು ಹೋಗಿ,” ಎಂದರು ಅಜ್ಜಿ. “ಕಳೆದ ಮಳೆಗಾಲದಲ್ಲಿ ಇವನ ತೊಡೆಗೆ ಚುಚ್ಚಿಸಿದ್ದು ಕೀವು ತುಂಬಿತು. ಬೆಳ್ತಂಗಡಿಗೆ ಕೊಂಡುಹೋಗಿ ಕೊಯ್ಯಿಸಿದ್ದೇವೆ. ಎಷ್ಟು ದಿನ ಕುಂಟಿಕೊಂಡು ನಡೆದಿದ್ದಾನೆ ಗೊತ್ತುಂಟಾ ನಿಮಗೆ?”

ನಾನು ಸೀಮೆಸುಣ್ಣ ತೆಗೆದೆ. ಬಿಸಿಲು ಸುಡುತ್ತಿತ್ತು, ಇನ್ನೂ ಆರು ಮನೆ ಉಳಿದಿತ್ತು. ಸಿಸ್ಟರ್ ನನ್ನ ಕೈ ತಡೆದರು.

“ಗೊತ್ತುಂಟು ಅಜ್ಜಿ,” ಎಂದರು. “ಆ ಸೂಜಿ ಚುಚ್ಚಿದ್ದು ನಾನೇ.”

ಕನ್ನಡಕವಿಲ್ಲದ ಅಜ್ಜಿಗೆ ಅವರ ಗುರುತು ಸಿಕ್ಕಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಯಾಕೆ ಹಾಗಾಯ್ತು ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಆದ್ರೆ ಚುಚ್ಚಿದ ಕೈ ನನ್ನದು. ಆಮೇಲೆ ಒಮ್ಮೆಯಾದ್ರೂ ಬಂದು ನೋಡ್ಬೇಕಿತ್ತು, ಬರ್ಲಿಲ್ಲ. ಅದು ನನ್ನ ತಪ್ಪು.”

ಅಜ್ಜಿ ಬೈಯುತ್ತಾರೆಂದು ಕಾದೆ. ಬೈದರು ಕೂಡ, ಸಾಕಷ್ಟು. ಸಿಸ್ಟರ್ ತಲೆ ತಗ್ಗಿಸಿ ಕೇಳಿದರು. ಬೈಗುಳ ಮುಗಿದ ಮೇಲೆ ಜಗಲಿಯ ಮೇಲೆ ಕುಳಿತು ಚೀಲವನ್ನು ಬೋರಲು ಹಾಕಿದರು. ಪುಸ್ತಕ, ಪೆನ್ನು, ಶಾಯಿಯ ಬಾಟಲಿ, ಊಟದ ಡಬ್ಬಿ, ಬಾಚಣಿಗೆ, ಹತ್ತಿ. ಐಸಿನ ಪೆಟ್ಟಿಗೆಯನ್ನೂ ತೆರೆದು ತೋರಿಸಿದರು.

“ಹುಡುಕಿ ನೋಡು ಮಗಾ,” ಎಂದು ಒಳಗಿದ್ದ ಹುಡುಗನನ್ನು ಕರೆದರು. “ಸೂಜಿ ಎಲ್ಲಿಯಾದ್ರೂ ಉಂಟಾ?”

ಬಹಳ ಹೊತ್ತಿನ ನಂತರ ಅವನು ಬಂದ. ಪುಸ್ತಕ ಕೊಡವಿದ, ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿದ, ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದ. ಎಲ್ಲಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಅಜ್ಜಿಯ ಮುಖ ನೋಡಿ ಬಾಯಿ ತೆರೆದ. ತಿಳಿಗುಲಾಬಿ ಬಣ್ಣದ ಎರಡು ಹನಿ ಬಿದ್ದವು. ಮುಖ ಕಿವಿಚಿ, ನಾಲಿಗೆ ಚಪ್ಪರಿಸಿ, “ಅಷ್ಟೇಯಾ?” ಎಂದ.

ಅಜ್ಜಿಗೂ ನಗು ಬಂತು. ಹೆಣ್ಣುಮಗುವನ್ನು ಮುಂದೆ ಹಿಡಿಯುತ್ತ, “ಇದಕ್ಕೆ ಮುಂದಿನ ತಿಂಗಳು ಎಂತದೋ ಉಂಟಂತಲ್ಲ. ಅದೂ ಹನಿಯೇ ಅಲ್ವಾ?” ಎಂದು ಕೇಳಿದರು.

ಹೌದೆಂದು ಬಿಡಿ, ಮುಂದಿನದ್ದು ಮುಂದೆ ನೋಡುವ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಸಿಸ್ಟರ್ ನನ್ನ ಕಡೆ ನೋಡಲೇ ಇಲ್ಲ.

“ಅಲ್ಲ ಅಜ್ಜಿ. ಅದು ದಡಾರದ್ದು. ಅದಕ್ಕೆ ಸೂಜಿ ಉಂಟು. ನೋವಾಗ್ತದೆ, ಅಳ್ತಾಳೆ.”

ಅಜ್ಜಿ ಮಗುವನ್ನು ಎದೆಗೆ ಎಳೆದುಕೊಂಡರು. ಮುಗಿಯಿತು ಎಂದುಕೊಂಡೆ. ಅವರು ಸಿಸ್ಟರ್ ಮುಖವನ್ನೇ ದಿಟ್ಟಿಸಿದರು.

“ಇವತ್ತಿನದ್ದು ಹಾಕಿ,” ಎಂದರು ಕೊನೆಗೆ. “ಅದನ್ನು ಆಮೇಲೆ ನೋಡುವ.”

ದಾರಿಯಲ್ಲಿ ನಾನು ಕೇಳದೆ ಇರಲಾಗಲಿಲ್ಲ. “ಅಷ್ಟು ಕಷ್ಟಪಟ್ಟು ಒಪ್ಪಿಸಿದ ಮೇಲೆ ಸೂಜಿಯ ಸುದ್ದಿ ಯಾಕೆ ತೆಗೆದ್ರಿ?”

“ಹನಿ ಹಾಕುವಾಗ ಸುಳ್ಳು ಹೇಳಿದ್ರೆ, ಸೂಜಿ ಹಿಡ್ಕೊಂಡು ಹೋದ ದಿನ ಯಾರು ಬಾಗಿಲು ತೆಗೀತಾರೆ ಟೀಚರೇ?” ಎಂದು ಅವರು ಮುಂದೆ ನಡೆದರು.

ಒಂದೂವರೆ ತಿಂಗಳ ನಂತರ ಉಪಕೇಂದ್ರದ ಚುಚ್ಚುಮದ್ದಿನ ದಿನ ನಾನು ಶಾಲೆಯ ಮಕ್ಕಳ ಲೆಕ್ಕ ಕೊಡಲು ಅಲ್ಲಿಗೆ ಹೋಗಿದ್ದೆ. ಅಜ್ಜಿ ಮಗುವಿನೊಂದಿಗೆ ಬೆಂಚಿನಲ್ಲಿ ಕುಳಿತಿದ್ದರು, ಪಕ್ಕದಲ್ಲಿ ತಾಯಿ. ಮಗು ಚೀರಿ ಅತ್ತಿತು. ಅಜ್ಜಿಯ ಕಣ್ಣಲ್ಲೂ ನೀರು. ಆದರೆ ಎದ್ದು ಹೋಗಲಿಲ್ಲ.

ಮರುದಿನ ಸಂಜೆ ಶಾಲೆ ಬಿಟ್ಟು ಬರುತ್ತಿದ್ದಾಗ ಸಿಸ್ಟರ್ ಗುಡ್ಡ ಇಳಿದು ಬರುವುದು ಕಂಡಿತು. ಅದರ ಮರುದಿನವೂ, ಮೂರನೇ ದಿನವೂ ಕಂಡಿತು. ನಿಂತು ವಿಚಾರಿಸಿದೆ.

“ತೋಳು ಊದ್ಲಿಲ್ಲ, ಮಗು ಆಡ್ತಾ ಉಂಟು,” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. “ಅಜ್ಜಿ ಬಿಡ್ಲೇ ಇಲ್ಲ ಮಾರಾಯ್ತಿ. ಇವತ್ತು ಗಂಜಿ ಊಟ ಮಾಡಿಸಿಯೇ ಕಳಿಸಿದ್ರು.”