ಹರಾಜಿಗಿಟ್ಟ ಹಳೇ ಗುಂಡಿಗಳು

ಆ ಮನೆಯಲ್ಲಿ ಅತ್ತೆ ಸೊಸೆ ಮುಖ ಕೊಟ್ಟು ಮಾತಾಡಿ ಎರಡು ವರ್ಷವಾಗಿತ್ತು. ಹಾಗಂತ ಮನೆ ತಣ್ಣಗಿತ್ತು ಅಂದುಕೊಳ್ಳಬೇಡಿ. ಅತ್ತೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದಳು, ಸೊಸೆ ಪಾತ್ರೆ ಕುಕ್ಕಿ ಉತ್ತರ ಕೊಡುತ್ತಿದ್ದಳು. ನಡುವೆ ಸಿಕ್ಕಿಕೊಂಡ ಮಗ ಲಾರಿ ಡ್ರೈವರ್. ದೂರದ ಬಾಡಿಗೆ ಸಿಕ್ಕಿದರೆ ಬದುಕಿದೆಯಾ ಬಡಜೀವವೇ ಅಂತ ಹೊರಟುಬಿಡುತ್ತಿದ್ದ.

ಸೊಸೆಯನ್ನು ಬೀದಿಯವರು ಕರೆಯುತ್ತಿದ್ದದ್ದು ಗುಂಡಿ ಅಕ್ಕ ಅಂತ. ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಗುಂಡಿ ಹಚ್ಚಿದವಳು. ಒಂದು ದಿನ ಗೇಟಿನಲ್ಲಿ ಅವಳ ಊಟದ ಚೀಲ ತಡಕಿದಾಗ ಆರು ಕೊಂಬಿನ ಗುಂಡಿಗಳು ಸಿಕ್ಕವು. ಹಳೇ ಬಟ್ಟೆ ಅಂಗಡಿಯಲ್ಲಿ ಕೊಂಡದ್ದು, ದಾರದ ಬಣ್ಣ ಹೊಂದಿಸಿ ನೋಡಲು ತಂದಿದ್ದೆ ಎಂದು ಎಷ್ಟು ಬಾಯಿ ಬಡಿದುಕೊಂಡರೂ ಸೂಪರ್‌ವೈಸರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದು ಸಂಜೆಯೇ ಅವನು ಅವುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಇವರ ಮನೆಗೆ ಬಂದು, "ಹೊಸವೋ ಹಳೇವೋ, ಹಿರಿಯರು ನೀವೇ ನೋಡಿ" ಎಂದು ಅತ್ತೆಯ ಮುಂದೆ ಸುರಿದ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಅತ್ತೆ ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ, "ನಂಗೇನ್ ಗೊತ್ತಾಗುತ್ತಪ್ಪ" ಎಂದು ಎದ್ದು ಒಳಗೆ ಹೋದಳು. ಕೆಲಸ ಹೋಯಿತು. ಕಳ್ಳಿ ಎಂಬ ಹೆಸರು ಅವಳಿಗಿಂತ ಮುಂಚೆ ಎಲ್ಲ ಕಾರ್ಖಾನೆಗಳ ಗೇಟು ತಲುಪಿತು.

ಆಮೇಲೆ ಹುಟ್ಟಿದ್ದು ಹಠ. ಗುಂಡಿ ಕದ್ದವಳು ಅಂದರಲ್ಲ, ಗುಂಡಿಯಲ್ಲೇ ಬದುಕಿ ತೋರಿಸುತ್ತೇನೆ ಎಂದು ಗುಜರಿ ಅಂಗಡಿಯಿಂದ ಹರಿದ ಕೋಟುಗಳನ್ನು ಮೂಟೆಗಟ್ಟಲೆ ತಂದಳು. ಗುಂಡಿ ಬಿಡಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಎಣ್ಣೆ ಸವರಿ, ಒಂದೇ ಜಾತಿಯವನ್ನು ಹೊಂದಿಸಿ, ಕಪ್ಪು ಬಟ್ಟೆಯ ಮೇಲಿಟ್ಟು ಫೋಟೊ ತೆಗೆದು ಆನ್‌ಲೈನ್ ಹರಾಜಿಗೆ ಹಾಕಿದಳು. ಮೊದಲ ತಿಂಗಳು ನರಪಿಳ್ಳೆಯೂ ಇತ್ತ ತಿರುಗಲಿಲ್ಲ.

"ಸತ್ತೋರ ಗುಂಡಿ ಯಾರ್ ಕೊಳ್ತಾರಂತೆ?" ಎಂದು ಅತ್ತೆ ಗೋಡೆಯನ್ನು ಕೇಳಿದಳು.

ಕೊಂಡರು. ನಾಟಕಕ್ಕೆ ವೇಷ ಹೊಲಿಯುವವರು ಕೊಂಡರು, ಹಳೇ ಕೋಟಿನ ಹುಚ್ಚು ಹಿಡಿದವರು ಕೊಂಡರು. ಲಾರಿ ಮಾಲೀಕ ಬಾಡಿಗೆಗಳನ್ನು ಅರ್ಧಕ್ಕಿಳಿಸಿದ ಮೇಲಂತೂ ಅತ್ತೆಯ ಮಾತ್ರೆಗಳೂ ಸೇರಿ ಮನೆ ನಡೆದದ್ದು ಗುಂಡಿಯಿಂದಲೇ. ಒಂದೇ ಒಂದು ಭಯ ಅವಳನ್ನು ಬಿಡಲಿಲ್ಲ. ಕಳ್ಳಮಾಲು ಎಂದು ಒಬ್ಬ ದೂರು ಕೊಟ್ಟರೂ ಸಾಕು, ಹರಾಜಿನವರು ಅವಳ ಖಾತೆಯನ್ನೇ ಮುಚ್ಚುತ್ತಿದ್ದರು.

ಹಾಗಿರುವಾಗ ಒಂದು ಮೂಟೆಯಲ್ಲಿ ಹದಿನೆಂಟು ಕೊಂಬಿನ ಗುಂಡಿಗಳು ಸಿಕ್ಕವು. ಅವಳೇ ಒಂದು ಕಾಲಕ್ಕೆ ಹಚ್ಚುತ್ತಿದ್ದ ಜಾತಿ. ಎರಡು ದಿನ ಕೂತು ಕನ್ನಡಿಯಂತೆ ತಿಕ್ಕಿ, ಸಂಭ್ರಮದಲ್ಲಿ "ಹೊಸದರಂತಿವೆ" ಎಂದು ಬರೆದಳು. ಹರಾಜಿನಲ್ಲಿ ಇಬ್ಬರು ಕೊನೆಯ ನಿಮಿಷದವರೆಗೂ ಜಿದ್ದಿಗೆ ಬಿದ್ದರು. ಗೆದ್ದವರಿಗೆ ಡಬ್ಬಿ ಕಳಿಸಿದಳು.

ಐದನೇ ದಿನ ಮಧ್ಯಾಹ್ನ ಯಾರೋ ಬಾಗಿಲು ಮುರಿಯುವಂತೆ ಬಡಿದರು. ತೆಗೆದರೆ ಅದೇ ಸೂಪರ್‌ವೈಸರ್, ಕೈಯಲ್ಲಿ ಅವಳದೇ ಡಬ್ಬಿ. ಹಳೇ ಗಿರಾಕಿಯೊಬ್ಬರ ಕೋಟುಗಳಿಗೆ ಆ ಕಾಲದ ಗುಂಡಿ ಬೇಕೆಂದು ಕಾರ್ಖಾನೆಯ ಖರೀದಿಯವರೇ ಹರಾಜು ಗೆದ್ದಿದ್ದರು. ಕಳಿಸಿದವರ ವಿಳಾಸ ನೋಡಿದ್ದೇ ಇವನಿಗೆ ಮೈ ಉರಿದುಹೋಗಿತ್ತು.

"ನಮ್ ಮಾಲು ಕದ್ದು ನಮಗೇ ಮಾರ್ತೀಯಾ? ಎಷ್ಟು ಕೊಬ್ಬು ನಿಂಗೆ!"

"ಗುಜರಿ ಕೋಟಿಂದ ಬಿಚ್ಚಿದ್ದು ಕಣ್ರೀ ಅವು."

"ಬಿಚ್ಚಿದ್ದಂತೆ! ನೀನೇ ಬರ್ದಿದೀಯಲ್ಲ, ಹೊಸದರಂತಿವೆ ಅಂತ." ಜೇಬಿನಿಂದ ಇನ್ನೊಂದು ಗುಂಡಿ ತೆಗೆದ. "ಇದು ನಮ್ಮಲ್ಲಿ ಉಳಿದಿದ್ದ ಕೊನೇ ಹೊಸ ಗುಂಡಿ. ಇದಕ್ಕೂ ಅದಕ್ಕೂ ಏನ್ ವ್ಯತ್ಯಾಸ ಇದೆ ಹೇಳು ನೋಡೋಣ. ಇವತ್ತೇ ದೂರು ಕೊಟ್ಟು ನಿನ್ ಅಂಗಡಿ ಮುಚ್ಚಿಸ್ತೀನಿ."

ಅವಳು ಎರಡೂ ಗುಂಡಿಗಳನ್ನು ಬೆಳಕಿಗೆ ಹಿಡಿದು ನೋಡಿದಳು. ವ್ಯತ್ಯಾಸ ಉಳಿಯದ ಹಾಗೆ ತಿಕ್ಕಿದ್ದವಳು ತಾನೇ.

"ಆ ಎರಡನ್ನೂ ಇಲ್ಲಿ ತಗೊಂಬಾ," ಎಂದಿತು ಒಳಕೋಣೆಯಿಂದ ಅತ್ತೆಯ ದನಿ.

ಅತ್ತೆ ಮಂಚದ ಮೇಲೆ ಕೂತೇ ಸೂಜಿಗೆ ದಾರ ಪೋಣಿಸಿದಳು. ಮೊದಲು ಕಾರ್ಖಾನೆಯ ಹೊಸ ಗುಂಡಿಯ ತೂತಿನಲ್ಲಿ ದಾರ ತೂರಿಸಿ ಬಿಗಿಯಾಗಿ ಹಿಂದೆ ಮುಂದೆ ಎಳೆದಳು. ಇಪ್ಪತ್ತು ಎಳೆತಕ್ಕೆ ದಾರ ಜುಂಗೆದ್ದು ಪಟ್ಟನೆ ಹರಿಯಿತು. ಡಬ್ಬಿಯ ಗುಂಡಿಗೂ ಹಾಗೇ ಮಾಡಿದಳು. ಎಷ್ಟು ಎಳೆದರೂ ದಾರಕ್ಕೆ ಏನೂ ಆಗಲಿಲ್ಲ.

"ಹೊಸದಕ್ಕೆ ತೂತಿನ ಅಂಚು ಚೂಪಾಗಿರುತ್ತೆ, ದಾರ ಕುಯ್ಯುತ್ತೆ. ಇದು ಹತ್ತು ವರ್ಷ ಕೋಟು ಹಿಡ್ಕೊಂಡು ಸವೆದಿದೆ. ಬೇಕಿದ್ರೆ ಹದಿನೆಂಟನ್ನೂ ಎಳೆದು ನೋಡ್ಕೋ. ಗುಂಡಿ ಹಚ್ಚೋರ ಮೇಲೆ ದರ್ಬಾರು ಮಾಡ್ತೀಯಲ್ಲ, ಒಂದಾದ್ರೂ ಹಚ್ಚಿದೀಯಾ ಜನ್ಮದಲ್ಲಿ?"

ಅವನು ಮೂರು ಗುಂಡಿ ಎಳೆದು ನೋಡಿ, ಮುಖ ಹುಳ್ಳಗೆ ಮಾಡಿಕೊಂಡು ಡಬ್ಬಿ ಮುಚ್ಚಿದ. ಗುಂಡಿ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಹಾಗೇ ಹೋಗ್ಬೇಡಿ. ಮಾಲು ಹೇಳಿದ ಹಾಗೇ ಇದೆ ಅಂತ ಸೈಟಲ್ಲಿ ಬರೆಸಿ. ಇಲ್ಲೇ, ನನ್ ಮುಂದೆ."

ಖರೀದಿಯವರಿಗೆ ಫೋನು ಮಾಡಿ ಬರೆಸಿಯೇ ಹೋದ. ತಪ್ಪಾಯಿತು ಅಂತ ಮಾತ್ರ ಅನ್ನಲಿಲ್ಲ.

ಖಾತೆ ಉಳಿಯಿತು, ಹೆಸರೂ ಉಳಿಯಿತು. ಕುಣಿಯಬೇಕಿತ್ತು ಅವಳು. ಕುಣಿಯುವ ಬದಲು ಮಂಚದ ಮುಂದೆ ಹೋಗಿ ನಿಂತಳು. ಎರಡು ವರ್ಷದಲ್ಲಿ ಮೊದಲ ಸಲ ಅತ್ತೆಯ ಮುಖ ನೋಡಿ ಕೇಳಿದಳು.

"ಅವತ್ತಿನ ಆರು ಗುಂಡೀನೂ ಕೈಯಲ್ಲಿ ಹಿಡಿದು ನೋಡಿದ್ರಲ್ಲ ಅತ್ತೆ. ಹಳೇವು ಅಂತ ಗೊತ್ತಾಗಿತ್ತಾ?"

"ಮುಟ್ಟಿದ ಕೂಡ್ಲೇ ಗೊತ್ತಾಗಿತ್ತು."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?"

"ಬೆಳಗ್ಗೆ ಹೋದ್ರೆ ಸಂಜೆಗೆ ಬರ್ತಿದ್ದೆ. ಅಡುಗೆ, ಬಟ್ಟೆ, ನೀರು, ಎಲ್ಲಾ ನನ್ ತಲೆ ಮೇಲೆ. ನನ್ ಕೈಲಾಗ್ತಿರ್ಲಿಲ್ಲ. ಮನೇಲಿರ್ಲಿ ಅಂತ ಸುಮ್ನಾದೆ."

"ಇವತ್ತು ಯಾಕೆ ಹೇಳಿದ್ರಿ?"

ಅತ್ತೆ ದಾರ ಸುತ್ತುತ್ತಲೇ ಹೇಳಿದಳು, "ಇವತ್ತು ಹೇಗೂ ಮನೇಲೇ ಇದೀಯಲ್ಲ."

ಮರುದಿನ ಬೆಳಗ್ಗೆ ಎಂಟಕ್ಕೆ ಗುಂಡಿ ಅಕ್ಕ ಡಬ್ಬಿ, ಮೇಜು, ಕೋಟಿನ ಮೂಟೆ ಎಲ್ಲವನ್ನೂ ಬಾಡಿಗೆ ಗಾಡಿಗೆ ಹೇರಿಕೊಂಡು, ಗುಜರಿ ಅಂಗಡಿಯ ಮಹಡಿಯಲ್ಲಿ ಹಿಂದಿನ ಸಂಜೆಯೇ ಬಾಡಿಗೆಗೆ ಹಿಡಿದ ಕೋಣೆಗೆ ಕೆಲಸಕ್ಕೆ ಹೊರಟಳು. ಒಲೆ ಹಚ್ಚಿರಲಿಲ್ಲ.