ನಾಲ್ಕೂ ಹತ್ತಕ್ಕೆ ಬರುತ್ತಿದ್ದ ಏಳನೇ ಕೋಣೆ

ಮೊಮ್ಮಗಳು ಕಾಲೇಜಿನಲ್ಲಿ ಮೇಡಂ. ಹೋದ ವಾರ ಮನೆಗೆ ಬಂದವಳು ಊಟದ ತಟ್ಟೆಯ ಪಕ್ಕದಲ್ಲೇ ಕಾಗದ ಹರವಿಕೊಂಡು ಕೂತಿದ್ದಳು. ಅವರ ಕಾಲೇಜಿಗೆ ತಪಾಸಣೆಯವರು ಬರುತ್ತಾರಂತೆ. ಕಾಲೇಜು ಯಾವ ಉದ್ದೇಶಕ್ಕೆ ಇದೆ, ಅಲ್ಲಿ ಕಲಿಸುವ ಡಿಗ್ರಿ ಆ ಉದ್ದೇಶಕ್ಕೆ ಹೊಂದುತ್ತದೆಯೇ, ವಿಶ್ವವಿದ್ಯಾಲಯ ಹೇಳುವ ಮಟ್ಟ ಮುಟ್ಟುತ್ತದೆಯೇ, ಎಲ್ಲವನ್ನೂ ಇವಳು ಬರೆದು ಕೊಡಬೇಕಂತೆ.

"ಅಜ್ಜೀ, ನಿಮ್ಮ ಕಾಲದಲ್ಲಿ ಈ ಕಾಟ ಇರ್ಲಿಲ್ಲ ಬಿಡು" ಅಂದಳು.

ನನಗೆ ನಗು ತಡೆಯಲಾಗಲಿಲ್ಲ. ಆ ಕಾಟವನ್ನು ಬಂಗಾರಪೇಟೆಯವರೆಗೂ ರೈಲಿನಲ್ಲಿ ಕರೆತಂದವಳೇ ನಾನು. ಬಾಯಲ್ಲಿ ಹೇಳಿದರೆ ಅರ್ಧಕ್ಕೆ ಎದ್ದು ಹೋಗುತ್ತಾಳೆ. ಫೋನಿನಲ್ಲಿ ಟೈಪು ಮಾಡುವುದನ್ನು ಅವಳೇ ಕಲಿಸಿದ್ದಾಳಲ್ಲ, ಬರೆದು ಕಳಿಸುತ್ತಿದ್ದೇನೆ. ಓದಲಿ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಊರಿನ ಕೆಲವು ಹಿರಿಯರು ಸೇರಿ ಹಳೇ ಬಂಗಲೆಯೊಂದರಲ್ಲಿ ಕಾಲೇಜು ತೆರೆದಿದ್ದರು. ಆರು ಕೋಣೆ, ಒಂದು ಹುಣಸೇಮರ, ಪಿಯುಸಿ ಮಾತ್ರ. ಗಣಿಯಲ್ಲಿ ದುಡಿಯುವವರ ಮಕ್ಕಳು ಅರ್ಧ, ಬಂಗಾರಪೇಟೆ ಕಡೆಯ ಹಳ್ಳಿಗಳಿಂದ ರೈಲಿನಲ್ಲಿ ಬರುವ ನಮ್ಮಂಥವರು ಅರ್ಧ. ನಮ್ಮದು ಬೂದಿಕೋಟೆ ದಾರಿಯ ಹಳ್ಳಿ. ನೈನ, ಅಂದರೆ ನಮ್ಮಪ್ಪ, ದಿನಾ ಎರಡು ಹೊತ್ತು ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂಗಾರಪೇಟೆಗೆ ಹೋಗಿ ಮನೆಮನೆಗೆ ಹಾಲು ಹಾಕುತ್ತಿದ್ದ. ಸಾಯಂಕಾಲ ಖಾಲಿ ಕ್ಯಾನುಗಳ ಜೊತೆ ನನ್ನನ್ನೂ ಸ್ಟೇಷನ್ನಿನಿಂದ ಮನೆಗೆ ಕರೆದೊಯ್ಯುತ್ತಿದ್ದ.

ತೊಂದರೆ ಇದ್ದದ್ದು ರೈಲಿನದು. ಸಾಯಂಕಾಲದ ಗಾಡಿ ನಾಲ್ಕೂ ಹತ್ತಕ್ಕೆ ಹೊರಡುತ್ತಿತ್ತು. ಶಿಫ್ಟು ಮುಗಿಸಿದ ಗಣಿಯವರಿಗಾಗಿ ಇದ್ದ ಗಾಡಿ ಅದು, ನಮಗೋಸ್ಕರ ನಿಲ್ಲುತ್ತದೆಯೇ? ಕೊನೆಯ ಪೀರಿಯಡ್ಡು ನಮ್ಮ ಕಡೆಯವರಿಗೆಲ್ಲ ತಪ್ಪುತ್ತಿತ್ತು. ಅದು ಅರ್ಥಶಾಸ್ತ್ರದ ಪಾಠ, ಅದನ್ನು ತೆಗೆದುಕೊಂಡಿದ್ದವರೆಲ್ಲ ರೈಲಿನವರೇ. ಹೇಳುವ ಮೇಷ್ಟ್ರ ಮನೆಯೂ ಬಂಗಾರಪೇಟೆಯಲ್ಲೇ, ಅವರೂ ಅದೇ ಗಾಡಿ ಹಿಡಿಯಬೇಕು. ಒಂದು ದಿನ ಅವರು ನಾವು ಕೂತಿದ್ದ ಮೂರನೇ ದರ್ಜೆಯ ಡಬ್ಬಿಗೇ ಹತ್ತಿ, "ಬಂಗಾರಪೇಟೆಗೆ ಮುಕ್ಕಾಲು ಗಂಟೆ. ಒಂದು ಪೀರಿಯಡ್ಡಿಗೆ ಸರಿಯಾಯ್ತು. ಪುಸ್ತಕ ತೆಗೀರಿ" ಅಂದರು.

ಆವತ್ತಿನಿಂದ ಕೊನೆಯ ತರಗತಿ ರೈಲಿನಲ್ಲೇ. ಗಣಿಯಲ್ಲಿದ್ದ ಟಿಂಬರ್ ಮೇಸ್ತ್ರಿಯೊಬ್ಬ ದಿನಾ ನಮ್ಮ ಡಬ್ಬಿಯಲ್ಲೇ ಬರುತ್ತಿದ್ದ. ನೆಲದೊಳಗೆ ಸುರಂಗ ಕುಸಿಯದ ಹಾಗೆ ಮರದ ಆಸರೆ ಕೊಡುವುದು ಅವನ ಕೆಲಸ. ಸಿಡಿಮದ್ದಿನ ಖಾಲಿ ಪೆಟ್ಟಿಗೆಯೊಂದರ ಮುಚ್ಚಳಕ್ಕೆ ಕಪ್ಪು ಬಣ್ಣ ಬಳಿದು ಅವನೇ ಬೋರ್ಡು ಮಾಡಿಕೊಟ್ಟ. ದಿನಾ ಅದೇ ಡಬ್ಬಿ ಬರುತ್ತಿದ್ದರಿಂದ ಅದನ್ನು ಮೇಲಿನ ಸಾಮಾನು ಹಲಗೆಯಲ್ಲೇ ಬಿಟ್ಟಿರುತ್ತಿದ್ದೆವು. ಮೇಷ್ಟ್ರು ಇಂಗ್ಲಿಷಿನಲ್ಲಿ ಶುರು ಮಾಡಿ, ಕನ್ನಡಕ್ಕೆ ಇಳಿದು, ಗಾಡಿ ಊರಿಗಾಂ ಸ್ಟೇಷನ್ ದಾಟುವಷ್ಟರಲ್ಲಿ ತಮಿಳು ತೆಲುಗು ಎಲ್ಲ ಬೆರೆಸಿ ಹೇಳುತ್ತಿದ್ದರು. ಶಿಫ್ಟಿನವರು ಚಪ್ಪಲಿ ಬಿಟ್ಟು ಕಾಲು ಮಡಿಸಿ ಕೂತು ನಮಗಿಂತ ಚೆನ್ನಾಗಿ ಕೇಳುತ್ತಿದ್ದರು.

ಆ ವರ್ಷ ಕಾಲೇಜಿನವರು ಬಿ.ಎ. ತರಗತಿ ಬೇಕೆಂದು ಅರ್ಜಿ ಹಾಕಿದರು. ನೈನ ಆಗಲೇ ಹೇಳಿಬಿಟ್ಟಿದ್ದ. "ಇಲ್ಲೇ ಬಿಎ ಬಂದ್ರೆ ಓದ್ಕೊ ಅಮ್ಮಯ್ಯ. ಬೆಂಗ್ಳೂರ್ಗೆಲ್ಲ ನಾನು ಕಳ್ಸಾಕಿಲ್ಲ. ಬರ್ದಿದ್ರೆ ಕಾಮಸಮುದ್ರದೋರಿಗೆ ಊಂ ಅಂತೀನಿ." ಕಾಮಸಮುದ್ರದವರ ಮನೆಯಲ್ಲಿ ಒಬ್ಬ ಗಂಡಿದ್ದ. ನೋಡಿದ್ದೆ. ಒಳ್ಳೆಯವನೇ ಇರಬೇಕು ಪಾಪ, ಆದರೆ ನೋಡಲು ಬಂದ ಅರ್ಧ ಗಂಟೆಯಲ್ಲಿ ಹನ್ನೊಂದು ಚಕ್ಕುಲಿ ತಿಂದಿದ್ದ. ನಾನು ಬಾಗಿಲ ಸಂದಿಯಿಂದ ಎಣಿಸಿದ್ದೆ.

ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬಂದವರು ಮೂವರು. ಅವರಲ್ಲಿ ಹಿರಿಯರೊಬ್ಬರದು ಕರಿ ಕೋಟು, ಜರಿ ಪೇಟ. ಪ್ರಿನ್ಸಿಪಾಲರು ಕಾಲೇಜಿನ ಉದ್ದೇಶವನ್ನು ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಸಿದ್ದರು: ಗಣಿ ಕಾರ್ಮಿಕರ ಹಾಗೂ ಸುತ್ತಲ ರೈತರ ಮಕ್ಕಳಿಗೆ ಅವರ ಬದುಕಿಗೆ ಒಪ್ಪುವ ಉನ್ನತ ಶಿಕ್ಷಣ. ನಾವೆಲ್ಲ ಅದನ್ನು ಬಾಯಿಪಾಠ ಮಾಡಿದ್ದೆವು. ಪಕ್ಕದಲ್ಲೇ ವೇಳಾಪಟ್ಟಿ. ವಾರಕ್ಕೆ ಇಷ್ಟು ಗಂಟೆ ಪಾಠ ಆಗಲೇಬೇಕು ಅಂತ ವಿಶ್ವವಿದ್ಯಾಲಯದ ನಿಯಮ. ರೈಲಿನ ಪೀರಿಯಡ್ಡು ಬಿಟ್ಟರೆ ಲೆಕ್ಕ ಕೂಡುತ್ತಿರಲಿಲ್ಲ. ಪ್ರಿನ್ಸಿಪಾಲರು ಸುಳ್ಳು ಬರೆಯುವ ಮನುಷ್ಯರಲ್ಲ, ರೈಲು ಅಂತ ಬರೆಯುವ ಧೈರ್ಯವೂ ಇಲ್ಲ. ಆ ಪೀರಿಯಡ್ಡಿನ ಮುಂದೆ 'ಕೋಣೆ ೭' ಅಂತ ಹಾಕಿಸಿದ್ದರು.

ಪೇಟದವರು ಕಟ್ಟಡವನ್ನು ಎರಡು ಸುತ್ತು ಹಾಕಿದರು. ಹುಣಸೇಮರದ ಹಿಂದೆ ಕೂಡ ಇಣುಕಿದರು. ನಮ್ಮ ತರಗತಿಗೆ ವಾಪಸ್ ಬಂದು ವೇಳಾಪಟ್ಟಿಯ ಎದುರು ನಿಂತು, ಮುಂದಿನ ಬೆಂಚಿನಲ್ಲಿದ್ದ ನನ್ನನ್ನು ಕೇಳಿದರು.

"ಏನಮ್ಮಾ, ಏಳನೇ ಕೋಣೆ ಎಲ್ಲಿದೆ?"

ಪ್ರಿನ್ಸಿಪಾಲರು ಚಾವಣಿ ನೋಡತೊಡಗಿದರು. ನಾನು ಎದ್ದು ನಿಂತು, "ಅದು ನಾಲ್ಕೂ ಹತ್ತಕ್ಕೆ ಬರತ್ತೆ ಸಾರ್" ಅಂದೆ.

ತರಗತಿಯೆಲ್ಲ ಗೊಳ್ಳೆಂದಿತು. ಪೇಟದವರು ಮಾತ್ರ ನಗಲಿಲ್ಲ. ಗಡಿಯಾರ ನೋಡಿಕೊಂಡು, "ಹಾಗಾದರೆ ಕಾಯೋಣ" ಅಂದರು. ಅಷ್ಟೇ. ಎರಡು ಜಡೆ ತಿರುಗಿಸಿಕೊಂಡು ಮಾತಾಡಿ ನನ್ನ ಡಿಗ್ರಿಯನ್ನು ನಾನೇ ಮುಳುಗಿಸಿದೆ ಅನ್ನಿಸಿತು. ಹನ್ನೊಂದು ಚಕ್ಕುಲಿ ಕಣ್ಣ ಮುಂದೆ ಬಂದವು.

ಉಳಿದಿಬ್ಬರು ಕಾರಿನಲ್ಲಿ ಹೋದರು. ಪೇಟದವರು ನಮ್ಮ ಜೊತೆ ಮೂರನೇ ದರ್ಜೆಗೆ ಹತ್ತಿ ಕಿಟಕಿ ಪಕ್ಕ ಕೂತರು. ಮೇಷ್ಟ್ರು ಬೋರ್ಡು ಇಳಿಸಿ ಸೀಮೆಸುಣ್ಣ ಹಿಡಿದರು. ಆವತ್ತಿನ ಪಾಠ ಶ್ರಮವಿಭಜನೆ. ಒಂದು ಕೆಲಸವನ್ನು ಹತ್ತು ಜನ ತುಂಡು ತುಂಡಾಗಿ ಹಂಚಿಕೊಂಡರೆ ಬೇಗ ಆಗುತ್ತದೆ ಅಂತ ಇಂಗ್ಲಿಷಿನಲ್ಲೇ ಹೇಳಿಕೊಂಡು ಹೋದರು. ಕನ್ನಡಕ್ಕೆ ಇಳಿಯಲೇ ಇಲ್ಲ, ತಪಾಸಣೆ ನೋಡಿ.

ಮೇಸ್ತ್ರಿಗೆ ತಡೆಯಲಿಲ್ಲ. "ಏನ್ ಸಾರ್, ಇವತ್ತು ಪೂರಾ ಇಂಗ್ಲೀಸು? ನಮಗೆಂಗೆ ಅರ್ತ ಆಗೋದು?"

ಮೇಷ್ಟ್ರು ಪೇಟದವರ ಕಡೆ ನೋಡಿದರು. ಅವರು, "ಹೇಳಿ, ಕೇಳ್ತಿದಾರಲ್ಲ" ಅಂದರು. ಮೇಷ್ಟ್ರು ಕನ್ನಡದಲ್ಲಿ ಹೇಳಿದರು. ಮೇಸ್ತ್ರಿ ತಲೆ ಅಲ್ಲಾಡಿಸಿದ.

"ಬೇಗ ಆಯ್ತದೆ, ಸೆರಿ ಸಾರ್. ಆದ್ರೆ ಅಷ್ಟೇ ಅಲ್ಲ. ನಾನು ಮರ ನಿಲ್ಸಿಲ್ಲ ಅಂದ್ರೆ ಕೊರೆಯೋನು ಒಳಗೆ ಕಾಲಿಡಂಗಿಲ್ಲ. ಅವ್ನು ಕೊರೀಲಿಲ್ಲ ಅಂದ್ರೆ ಮದ್ದು ಆಕೋನು ಸುಮ್ನೆ ಬೀಡಿ ಸೇದ್ತಾ ಕೂತ್ಕಬೇಕು. ಒಬ್ಬ ನಿಂತ್ರೆ ಎಲ್ಲಾರೂ ನಿಂತ್ರು. ಅದು ನಿಮ್ ಬುಕ್ಕಲ್ಲಿ ಇಲ್ವಾ?"

"ಇದೆ. ಮುಂದಿನ ಪುಟದಲ್ಲಿ" ಅಂದರು ಮೇಷ್ಟ್ರು. ಈ ಸಲ ಪೇಟದವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

"ನಾಲ್ಕೂ ಹತ್ತರ ಹುಡುಗಿ, ನೀನು ಹೇಳು. ಪುಸ್ತಕದ ಉದಾಹರಣೆ ಬೇಡ, ಗಣಿಯದೂ ಬೇಡ. ಇಂಗ್ಲಿಷಿನಲ್ಲಿ ಹೇಳು. ಪರೀಕ್ಷೆ ಇರೋದು ಅದರಲ್ಲಿ."

ನನಗೆ ಹೊಳೆದದ್ದು ನಮ್ಮ ಮನೆ ಹಾಲು. ಅವ್ವ ಹುಲ್ಲು ತರುವುದು, ಅಜ್ಜಿ ಹಾಲು ಕರೆಯುವುದು, ನೈನ ಸೈಕಲ್ಲು ತುಳಿಯುವುದು. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಪೋಣಿಸಿದೆ. ಪೇಟದವರು ಎರಡು ಕಡೆ ತಿದ್ದಿದರು. "ನಿನ್ನ ಪಾಲಿನ ಕೆಲಸ ಯಾವುದು?" ಅಂದರು. ಕುಡಿಯುವುದು ಅಂದೆ. ಇಂಗ್ಲಿಷಿನಲ್ಲೇ ಅಂದೆ.

ಬಂಗಾರಪೇಟೆಯಲ್ಲಿ ಇಳಿದಾಗ ನೈನ ಸೈಕಲ್ಲು ಹಿಡಿದು ನಿಂತಿದ್ದ. ಪೇಟ ಕಂಡು ಟವೆಲ್ಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡ. ಮೇಷ್ಟ್ರು ಯಾರು ಏನು ಅಂತ ಹೇಳಿದರು. ನೈನ ಸುತ್ತುಬಳಸು ಅರಿಯದವನು.

"ಬುದ್ದೀ, ಬಿಎ ಐತೋ ಇಲ್ವೋ ಏಳ್ಬುಡಿ. ನಂಗೆ ಕಾಮಸಮುದ್ರದೋರು ಬಾಗ್ಲಲ್ಲಿ ಕುಂತವ್ರೆ."

"ಕಾಲೇಜಿನ ಉದ್ದೇಶ ಏನು ಅಂತ ಗೋಡೆ ಮೇಲೆ ಓದಿದೆ. ಗಾಡಿಯಲ್ಲಿ ಕಣ್ಣಾರೆ ಕಂಡೆ. ಅದರಲ್ಲಿ ಕೊರತೆ ಇಲ್ಲ. ಆದರೆ ಉರುಳುವ ಕೋಣೆಗೆ ನಾನು ಡಿಗ್ರಿ ಬರೆದುಕೊಡೋಕಾಗಲ್ಲ. ಅದು ನಾನೊಬ್ಬನೇ ತೀರ್ಮಾನ ಮಾಡೋದೂ ಅಲ್ಲ" ಅಂದು ಅವರು ಹೋದರು.

ದಾರಿಯುದ್ದಕ್ಕೂ ಕ್ಯಾನುಗಳು ಲೊಟಲೊಟ ಅಂದವು.

ಎರಡು ತಿಂಗಳಾದ ಮೇಲೆ ಪತ್ರ ಬಂತು. ಬಿ.ಎ. ಸಿಕ್ಕಿತ್ತು, ಅರ್ಥಶಾಸ್ತ್ರವೂ ಅದರಲ್ಲಿತ್ತು. ಆದರೆ ಒಂದು ಷರತ್ತು: ಎಲ್ಲ ಪೀರಿಯಡ್ಡುಗಳೂ ಕಾಲೇಜಿನ ಗೋಡೆಯೊಳಗೇ ಆಗಬೇಕು, ಏಳನೇ ಕೋಣೆಯನ್ನು ಪಟ್ಟಿಯಿಂದ ತೆಗೆಯಬೇಕು. ಅಂದರೆ ನಾಲ್ಕೂ ಹತ್ತರೊಳಗೆ ಎಲ್ಲ ಮುಗಿಯಲು ತರಗತಿ ಬೆಳಿಗ್ಗೆ ಬೇಗನೇ ಶುರುವಾಗಬೇಕು. ನಾವು ಬೆಳಗಿನ ಶಿಫ್ಟಿನವರ ಗಾಡಿಗೇ ಹೋಗಬೇಕು. ಅದು ಹೊರಡುವುದು ಕೋಳಿ ಕೂಗುವ ಹೊತ್ತಿಗೆ.

ಅವ್ವ, "ಆ ಒತ್ನಲ್ಲಿ ಎಣ್ಮಗು ಒಂದೇ ಎಂಗೆ ಓಗ್ತದೆ?" ಅಂದಳು. ನಾನು ನೈನನ ಮುಖ ನೋಡುತ್ತಿದ್ದೆ. ಅವನು ಹಸುವಿಗೆ ಬೂಸಾ ಕಲಸುತ್ತಲೇ ಇದ್ದ.

"ಒಂದೇ ಯಾಕೆ ಓಗ್ತದೆ? ಆಲು ಆ ಒತ್ಗೇ ಅಲ್ವಾ ಒಲ್ಡೋದು? ಒಂದು ಕ್ಯಾನು ಜಾಸ್ತಿ ಆಯ್ತು ಅಂದ್ಕೋತೀನಿ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಚೆಲ್ಲಬ್ಯಾಡ ಅಷ್ಟೇ" ಅಂದ.

ಕಾಮಸಮುದ್ರದವರಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು. ಆ ಮನೆಯವರೂ ಚಕ್ಕುಲಿ ಚೆನ್ನಾಗಿ ಮಾಡುತ್ತಿದ್ದರಂತೆ.

ಬಿ.ಎ. ತರಗತಿಯ ಮೊದಲ ದಿನ ಸಾಯಂಕಾಲ ನಾಲ್ಕೂ ಹತ್ತರ ಗಾಡಿ ಹತ್ತಿದೆವು. ಪಾಠವೆಲ್ಲ ಕಾಲೇಜಿನಲ್ಲೇ ಮುಗಿದಿತ್ತು. ಮೇಷ್ಟ್ರು ಪೇಪರು ಬಿಡಿಸಿಕೊಂಡು ಕೂತರು, ನಾವು ಕಡಲೆಕಾಯಿ ಸುಲಿಯತೊಡಗಿದೆವು. ಊರಿಗಾಂ ದಾಟಿತು.

"ಏನ್ ಸಾರ್, ಇವತ್ತು ಪಾಟ ಇಲ್ವಾ?" ಅಂದ ಮೇಸ್ತ್ರಿ.

"ಇನ್ಮೇಲೆ ಇಲ್ಲಪ್ಪ. ಯೂನಿವರ್ಸಿಟಿಯವರು ರೈಲಿನಲ್ಲಿ ಮಾಡಬೇಡಿ ಅಂದಿದಾರೆ."

"ಅದು ಈ ಮಕ್ಕಳಿಗೆ ಅಂದಿರ್ತಾರೆ. ನಮಗೂ ಬ್ಯಾಡ ಅಂದವ್ರಾ?"

ಮೇಷ್ಟ್ರು ಪೇಪರಿನ ಮೇಲಿಂದ ಅವನನ್ನೇ ನೋಡಿದರು. ಮೇಸ್ತ್ರಿ ಆಗಲೇ ಬೆಂಚಿನ ಮೇಲೆ ನಿಂತು, ಸಾಮಾನು ಹಲಗೆಯಿಂದ ಪೆಟ್ಟಿಗೆಯ ಮುಚ್ಚಳ ಇಳಿಸಿ, ತನ್ನ ಟವೆಲ್ಲಿನಲ್ಲಿ ಧೂಳು ಒರೆಸುತ್ತಿದ್ದ. ನಾನು ಕಡಲೆಕಾಯಿ ಸಿಪ್ಪೆ ಕಿಟಕಿಯಾಚೆ ಚೆಲ್ಲಿ ಪುಸ್ತಕ ತೆಗೆದೆ.